ದಾರುದೈವ ಮತ್ತು ದೇವರಕಾಡು: ಮರದಿಂದ ಆರಂಭವಾಗಬೇಕಾದ ಅಧ್ಯಯನ

ಕರ್ನಾಟಕದ ದಾರುಶಿಲ್ಪವನ್ನು ಕುರಿತ ನಮ್ಮ ಬರವಣಿಗೆ ಬಹುಮಟ್ಟಿಗೆ ರೂಪದ ಅಧ್ಯಯನವಾಗಿಯೇ ಉಳಿದಿದೆ. ವಿಗ್ರಹದ ಎತ್ತರವೆಷ್ಟು, ಕೈಗಳೆಷ್ಟು, ಆಯುಧಗಳು ಯಾವುವು, ಬಣ್ಣ ಯಾವುದು, ಶೈಲಿಯ ಮೇಲೆ ಯಾವ ಅರಸುಮನೆತನದ ಕಾಲದ ಪ್ರಭಾವವಿದೆ ಎಂಬ ಪ್ರಶ್ನೆಗಳಿಗೆ ವಿದ್ವಾಂಸರು ಶ್ರದ್ಧೆಯಿಂದ ಉತ್ತರ ಹುಡುಕಿದ್ದಾರೆ. ಆದರೆ ಅದು ಯಾವ ಜಾತಿಯ ಮರ, ಆ ಮರ ಎಲ್ಲಿ ಬೆಳೆದಿತ್ತು, ಅದನ್ನು ಕಡಿಯುವ ಮುನ್ನ ಯಾರು ಯಾರ ಅಪ್ಪಣೆ ಕೇಳಿದರು, ವಿಗ್ರಹ ಜೀರ್ಣವಾದ ಮೇಲೆ ಅದು ಎಲ್ಲಿಗೆ ಹೋಯಿತು, ಹೊಸ ವಿಗ್ರಹಕ್ಕೆ ಮರ ಎಲ್ಲಿಂದ ಬಂತು ಎಂಬ ಪ್ರಶ್ನೆಗಳನ್ನು ನಾವು ಕೇಳುವುದು ಅಪರೂಪ. ಕಲ್ಲಿನ ಶಿಲ್ಪಕ್ಕೆ ರೂಪಿಸಿಕೊಂಡ ಪರಿಭಾಷೆಯನ್ನು ಮರದ ಶಿಲ್ಪಕ್ಕೆ ಯಥಾವತ್ತಾಗಿ ಅನ್ವಯಿಸಿರುವುದೇ ಇದಕ್ಕೆ ಕಾರಣವೆಂದು ತೋರುತ್ತದೆ. ಕಲ್ಲು ಕ್ವಾರಿಯಿಂದ ಬರುತ್ತದೆ, ಅದಕ್ಕೆ ಪೂರ್ವಜನ್ಮವಿಲ್ಲ. ಮರಕ್ಕೆ ಅದಿದೆ. ದಾರುದೈವವನ್ನು ಅದು ಹುಟ್ಟಿದ ಕಾಡಿನಿಂದ ಬೇರ್ಪಡಿಸಿ ಅರ್ಥಮಾಡಿಕೊಳ್ಳಲಾಗದು, ಬೇರ್ಪಡಿಸಿದಲ್ಲಿ ದೈವವೂ ಉಳಿಯದು, ಕಾಡೂ ಉಳಿಯದು ಎಂಬುದು ಪ್ರಸ್ತುತ ಲೇಖನದ ವಾದ. ಈ ವಾದವನ್ನು ಉತ್ತರ ಕನ್ನಡದ ಕರಾವಳಿಯನ್ನು, ವಿಶೇಷವಾಗಿ ತದಡಿಯ ಅಳಿವೆಯ ಪರಿಸರವನ್ನು ಮುಂದಿಟ್ಟುಕೊಂಡು ಮಂಡಿಸಲಾಗಿದೆ. ಹೋಲಿಕೆಗಾಗಿ ಜಪಾನಿನ ಶಿಂತೋ ದೇವತಾಶಿಲ್ಪದ ಪರಂಪರೆಯನ್ನು ನೋಡಲಾಗಿದೆ.

೧

ಶಿರಸಿಯ ಬಳಿ ಹುಟ್ಟಿ, ಘಟ್ಟವಿಳಿದು, ಕುಮಟಾ ತಾಲ್ಲೂಕಿನಲ್ಲಿ ಕಡಲನ್ನು ಸೇರುವ ಅಘನಾಶಿನಿಗೆ ಎಲ್ಲಿಯೂ ಅಣೆಕಟ್ಟಿಲ್ಲ. ಅಳಿವೆಯ ಉತ್ತರ ದಂಡೆಯಲ್ಲಿ ತದಡಿ, ದಕ್ಷಿಣ ದಂಡೆಯಲ್ಲಿ ಅಘನಾಶಿನಿ ಗ್ರಾಮ. ಒಳಗೆ ಗಜನಿ ಭೂಮಿ, ಅದರಲ್ಲಿ ಉಪ್ಪುನೀರನ್ನು ತಾಳಿ ಬೆಳೆಯುವ ಕಗ್ಗ ಭತ್ತ, ಕಾಂಡ್ಲಾ ಕಾಡು, ಚಿಪ್ಪಿ ಆಯುವ ಹೆಣ್ಣುಮಕ್ಕಳು, ಮೀನುಗಾರರ ಕೇರಿಗಳು. ಈ ನೆಲದ ಮೇಲೆ ೨೦೦೦ದ ದಶಕದಲ್ಲಿ ೪೦೦೦ ಮೆಗಾವಾಟ್ ಸಾಮರ್ಥ್ಯದ ಉಷ್ಣವಿದ್ಯುತ್ ಸ್ಥಾವರವನ್ನು ನಿಲ್ಲಿಸುವ ಪ್ರಸ್ತಾಪ ಬಂದು, ಜನರ ವಿರೋಧದಿಂದಾಗಿ ಹಿಂದೆ ಸರಿಯಿತು. ತರುವಾಯ ಬೃಹತ್ ಬಂದರಿನ ಪ್ರಸ್ತಾಪ ಬಂತು. ೨೦೨೪ರ ಜನವರಿಯಲ್ಲಿ ಇದೇ ಅಳಿವೆಯ ೪೮೦೧ ಹೆಕ್ಟೇರ್ ಪ್ರದೇಶ ರಾಮ್ಸರ್ ಪಟ್ಟಿಗೆ ಸೇರಿ, ಅಂತರರಾಷ್ಟ್ರೀಯ ಮಹತ್ವದ ಜೌಗುನೆಲವೆಂಬ ಮನ್ನಣೆಯನ್ನು ಪಡೆಯಿತು.

ಈ ಚರ್ಚೆಗಳಲ್ಲೆಲ್ಲ ಅಳಿವೆಯನ್ನು ಅಳೆದದ್ದು ಮೀನಿನ ಜಾತಿ, ಹಕ್ಕಿಯ ಜಾತಿ, ಚಿಪ್ಪಿಯ ಟನ್ನು, ಕಾಂಡ್ಲಾದ ಎಕರೆಗಳ ಮೂಲಕ. ಆ ಅಳತೆ ಅಗತ್ಯವಾದುದೇ. ಆದರೆ ಅಲ್ಲಿಯ ಜನ ಅದೇ ನೆಲವನ್ನು ಇನ್ನೊಂದು ಬಗೆಯಲ್ಲಿಯೂ ಗುರುತಿಸಿಕೊಂಡಿದ್ದಾರೆ. ಜಟಗ, ಮಾಸ್ತಿ, ಚೌಡಿ, ಹುಲಿದೇವರು, ನಾಗ, ಬೊಮ್ಮಯ್ಯ ಮುಂತಾದ ದೈವಗಳ ನೆಲೆಗಳಾಗಿ ಈ ಜಿಲ್ಲೆಯ ಬಯಲು, ಬೇಣ, ಕಾನುಗಳಿಗೆ ಗಡಿಗಳಿವೆ. ಮಸೂರು ಕುರ್ವೆಯ ಬಳಿ ಕಾಂಡ್ಲಾ ಮರಗಳ ನಡುವೆಯೇ ಬಬ್ರುದೇವರ ಕಾಡಿದೆ. ಅಂದರೆ ಉಪ್ಪುನೀರಿನಲ್ಲಿ ಬೇರೂರಿದ ಮರವೂ ಇಲ್ಲಿ ದೇವರಕಾಡಾಗಬಲ್ಲುದು. ಹೊನ್ನಾವರ ತಾಲ್ಲೂಕಿನ ಕರಿಕಾನಮ್ಮನ ಗುಡ್ಡದಲ್ಲಿ ಬೃಹದಾಕಾರದ ಡಿಪ್ಟೆರೋಕಾರ್ಪಸ್ ಮರಗಳು ಉಳಿದಿರುವುದಕ್ಕೆ ಅಮ್ಮನ ಸನ್ನಿಧಿಯ ಹೊರತು ಬೇರೆ ಕಾವಲು ಇರಲಿಲ್ಲ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಲ್ಲಿ ಸಸ್ಯವಿಜ್ಞಾನಕ್ಕೆ ಹೊಸತಾದ ಒಂದು ಮರದ ಪ್ರಭೇದವೇ ದೊರೆತು, ೨೦೦೦ದಲ್ಲಿ ಆ ಕಾನಿನ ಹೆಸರಿನಿಂದಲೇ ನಾಮಕರಣಗೊಂಡಿತು. ಕುಮಟಾದಲ್ಲಿ ಸಸ್ಯಶಾಸ್ತ್ರದ ಅಧ್ಯಾಪಕರಾಗಿದ್ದ ಎಂ.ಡಿ. ಸುಭಾಷ್ ಚಂದ್ರನ್ ಮತ್ತು ಮಾಧವ ಗಾಡ್ಗೀಳರು ಈ ಕಾನುಗಳ ಕುರಿತು ನಡೆಸಿದ ಅಧ್ಯಯನಗಳು ಪ್ರಸಿದ್ಧವಾಗಿವೆ. ಕನ್ನಡ ವಿಭಾಗಗಳಲ್ಲಿ ಈ ಅಧ್ಯಯನಗಳನ್ನು ಓದಿದ್ದು ಕಡಿಮೆ. ದೇವರಕಾಡು ಸಸ್ಯಶಾಸ್ತ್ರಕ್ಕೆ, ದೇವರು ಜಾನಪದಕ್ಕೆ, ವಿಗ್ರಹ ಕಲಾ ಇತಿಹಾಸಕ್ಕೆ ಎಂದು ನಾವು ಪಾಲು ಮಾಡಿಕೊಂಡಿದ್ದೇವೆ. ಮರ ಯಾರ ಪಾಲಿಗೂ ಬರಲಿಲ್ಲ.

೨

ಉತ್ತರ ಕನ್ನಡದ ಬಹುಪಾಲು ವನದೈವಗಳಿಗೆ ಮೂಲದಲ್ಲಿ ಮೂರ್ತಿಯೇ ಇಲ್ಲ. ಕಡೆಯದ ಕಲ್ಲು, ಹುತ್ತ, ನಿಂತ ಮರ, ಇವೇ ದೈವ. ಕಡೆದ ಮರದ ಮೂರ್ತಿ ಬರುವುದು ಅಲ್ಲಿಂದ ಒಂದು ಹೆಜ್ಜೆ ಈಚೆಗೆ, ಊರಿನ ಮಾರಿಗುಡಿಯಲ್ಲಿ, ದೈವದ ಚಾವಡಿಯಲ್ಲಿ. ಈ ಹೆಜ್ಜೆಯನ್ನು ಕಡೆದುಕೊಟ್ಟವರು ಗುಡಿಗಾರರು. ೧೮೮೩ರಲ್ಲಿ ಪ್ರಕಟವಾದ ಮುಂಬಯಿ ಪ್ರಾಂತದ ಕೆನರಾ ಗ್ಯಾಸೆಟಿಯರು ಕುಮಟಾ, ಹೊನ್ನಾವರ, ಶಿರಸಿ, ಸಿದ್ದಾಪುರಗಳ ಗುಡಿಗಾರರ ಗಂಧದ ಕೆತ್ತನೆಯನ್ನು ದಾಖಲಿಸಿದೆ. ಅಂದಿನ ಅಧಿಕಾರಿಗಳ ಕಣ್ಣಿಗೆ ಬಿದ್ದದ್ದು ಗಂಧದ ಪೆಟ್ಟಿಗೆ, ದಂತದ ಕೆಲಸ, ಪ್ರದರ್ಶನಕ್ಕೆ ಕಳುಹಿಸಬಹುದಾದ ನಾಜೂಕು ವಸ್ತು. ಅದೇ ಕೈಗಳು ಬೆಂಡಿನಲ್ಲಿ ಬಾಸಿಂಗವನ್ನೂ, ಹಗುರ ಮರದಲ್ಲಿ ಯಕ್ಷಗಾನದ ಕಿರೀಟ-ಭುಜಕೀರ್ತಿಗಳನ್ನೂ, ಊರ ಅಮ್ಮನ ಮೂರ್ತಿಯನ್ನೂ ಮಾಡುತ್ತಿದ್ದವು. ಇಂದಿಗೂ ಗುಡಿಗಾರರೆಂದರೆ ಗಂಧದ ಕುಶಲಕರ್ಮಿಗಳೆಂಬ ಭಾವನೆಯೇ ಸಾರ್ವತ್ರಿಕವಾಗಿದೆ. ದೈವವನ್ನು ಕಡೆದವರು, ಅದಕ್ಕೆ ಬಣ್ಣ ಬರೆದವರು ಎಂಬ ಅವರ ಇನ್ನೊಂದು ಪಾತ್ರ ಹಿಂದೆ ಸರಿದಿದೆ.

ಶಿರಸಿಯ ಮಾರಿಕಾಂಬೆಯ ಏಳು ಅಡಿ ಎತ್ತರದ ಮರದ ಮೂರ್ತಿ ಇದಕ್ಕೆ ಒಳ್ಳೆಯ ನಿದರ್ಶನ. ಅದು ಕೆರೆಯಲ್ಲಿ ದೊರೆತುದೆಂಬ ಐತಿಹ್ಯವಿದೆ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಅದರ ಪ್ರತಿಷ್ಠೆಯಾಯಿತೆನ್ನುತ್ತಾರೆ. ಎರಡು ವರ್ಷಕ್ಕೊಮ್ಮೆ ನಡೆಯುವ ಜಾತ್ರೆಯ ವಿಧಿಗಳಲ್ಲಿ ಮೂರ್ತಿಗೆ ಮತ್ತೆ ಬಣ್ಣ ಬರೆಯುವುದಿದೆ, ರಥಕ್ಕಾಗಿ ಕಾಡಿನ ಮರಕ್ಕೆ ಪೂಜೆ ಸಲ್ಲಿಸಿ ಕಚ್ಚು ಹಾಕುವುದಿದೆ. ಬಣ್ಣ ಮಾಸಬೇಕು, ಮತ್ತೆ ಬರೆಯಬೇಕು. ರಥ ಸವೆಯಬೇಕು, ಮತ್ತೆ ಮರ ತರಬೇಕು. ಹಳತಾಗುವುದು ಇಲ್ಲಿ ದೋಷವಲ್ಲ, ಊರು ಮತ್ತೆ ಕಾಡಿನ ಬಾಗಿಲಿಗೆ ಹೋಗುವುದಕ್ಕೆ ಅದು ನಿಮಿತ್ತ.

ಇದು ಕೇವಲ ಜನಪದದ ನಡೆಯೆಂದು ಭಾವಿಸಬೇಕಾಗಿಲ್ಲ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಪ್ರತಿಮೆಗಾಗಿ ಮರವನ್ನು ಆರಿಸಲು ಕಾಡನ್ನು ಪ್ರವೇಶಿಸುವ ವಿಧಿಗೇ ಒಂದು ಅಧ್ಯಾಯ ಮೀಸಲಾಗಿದೆ. ಕಡಿಯುವ ಹಿಂದಿನ ರಾತ್ರಿ ಮರಕ್ಕೆ ಬಲಿ-ಪೂಜೆಗಳನ್ನು ಒಪ್ಪಿಸಿ, ಅದರಲ್ಲಿ ವಾಸವಾಗಿರುವ ಭೂತಗಳು ದಯವಿಟ್ಟು ಬೇರೆಡೆಗೆ ನೆಲೆ ಬದಲಿಸಬೇಕೆಂದು ಬೇಡಿಕೊಳ್ಳುವ ಕ್ರಮವನ್ನು ಅದು ಹೇಳುತ್ತದೆ. ಜೀರ್ಣವಾದ ಮರದ ಪ್ರತಿಮೆಯನ್ನು ಅಗ್ನಿಗೆ, ಕಲ್ಲಿನದನ್ನು ಆಳದ ನೀರಿಗೆ ಒಪ್ಪಿಸಬೇಕೆನ್ನುವ ವಿಧಾನ ಅಗ್ನಿಪುರಾಣದಲ್ಲಿದೆ. ಪುರಿಯ ಜಗನ್ನಾಥನ ಬೇವಿನ ಮೂರ್ತಿಗಳು ನವಕಳೇವರದ ಮೂಲಕ ೧೯೯೬ರಲ್ಲಿಯೂ ೨೦೧೫ರಲ್ಲಿಯೂ ಹೊಸದಾದವು. ಹಳೆಯ ಮೂರ್ತಿಗಳನ್ನು ದೇವಾಲಯದ ಆವರಣದಲ್ಲಿಯೇ ಭೂಗತಗೊಳಿಸಲಾಯಿತು. ಮರದ ದೇವರಿಗೆ ಹುಟ್ಟು, ಮುಪ್ಪು, ಸಾವುಗಳಿವೆ ಎಂಬ ತಿಳಿವಳಿಕೆ ಶಿಷ್ಟ-ಜನಪದಗಳೆರಡಕ್ಕೂ ಸಮಾನವಾಗಿತ್ತು. ಮರೆತಿರುವುದು ನಮ್ಮ ಕಾಲ.

೩

ಇಲ್ಲಿ ಜಪಾನಿನ ನಿದರ್ಶನವನ್ನು ತರುವುದಕ್ಕೆ ಕಾರಣವಿದೆ. ಎರಡು ನಾಡುಗಳ ನಡುವೆ ಸಂಪರ್ಕವಿತ್ತೆಂದು ಸಾಧಿಸುವುದು ಉದ್ದೇಶವಲ್ಲ. ಮೂರ್ತಿಯಿಲ್ಲದ ವನದೈವ, ಮರದ ಮೂರ್ತಿ, ಆಧುನಿಕ ಆಡಳಿತ ಎಂಬ ಮೂರು ಘಟ್ಟಗಳನ್ನು ಅಲ್ಲಿಯೂ ಕಾಣಬಹುದಾದ್ದರಿಂದ, ನಮ್ಮ ಸ್ಥಿತಿಯನ್ನು ಸ್ವಲ್ಪ ದೂರದಿಂದ ನೋಡಲು ಅದು ನೆರವಾಗುತ್ತದೆ.

ಶಿಂತೋ ಪರಂಪರೆಯ ‘ಕಾಮಿ’ ಎಂಬ ದೈವಗಳಿಗೆ ಆರಂಭದಲ್ಲಿ ವಿಗ್ರಹಗಳಿರಲಿಲ್ಲ. ಬೆಟ್ಟ, ಬಂಡೆ, ಜಲಪಾತ, ಹಳೆಯ ಮರಗಳೇ ಅವುಗಳ ನೆಲೆ. ಇಂದಿಗೂ ಜಪಾನಿನ ದೇಗುಲಗಳ ಆವರಣದಲ್ಲಿ ಹುಲ್ಲಿನ ಹುರಿಯ ಹಗ್ಗವನ್ನು ಸುತ್ತಿದ ಹೆಮ್ಮರಗಳನ್ನು ಕಾಣಬಹುದು; ಅದು ದೈವ ನೆಲೆಸಿದ ಗುರುತು. ಬೌದ್ಧ ಪ್ರತಿಮಾಪರಂಪರೆಯ ಸಂಪರ್ಕದಿಂದ ಎಂಟು-ಒಂಬತ್ತನೆಯ ಶತಮಾನಗಳಲ್ಲಿ ಕಾಮಿಗಳಿಗೂ ಮೂರ್ತಿಗಳು ಬಂದವು. ಕ್ಯೋಟೋ ನಗರದ ತೋಜಿ ಮತ್ತು ಮತ್ಸುನೋ-ಓ, ನಾರಾದ ಯಕುಶಿಜಿ ಇವುಗಳಲ್ಲಿರುವ ಒಂಬತ್ತನೆಯ ಶತಮಾನದ ಮೂರ್ತಿಗಳು ಉಳಿದಿರುವವುಗಳಲ್ಲಿ ಅತ್ಯಂತ ಪ್ರಾಚೀನವಾದವು. ಯಕುಶಿಜಿಯ ಹಚಿಮಾನ್ ದೇವತಾತ್ರಯದ ಮೂರ್ತಿಗಳು ಒಂದಡಿಯ ಆಸುಪಾಸಿನ ಎತ್ತರದವು. ಬಣ್ಣ ಬಳಿದ, ಕುಳಿತ ಭಂಗಿಯ ಮಾನವಾಕೃತಿಗಳು. ಇಂಥ ಮೂರ್ತಿಗಳನ್ನು ಸಾಮಾನ್ಯವಾಗಿ ಒಂದೇ ಮರದ ದಿಮ್ಮಿಯಿಂದ ಕಡೆಯುತ್ತಿದ್ದರು. ಅನೇಕವನ್ನು ಗರ್ಭಗೃಹದಲ್ಲಿ ಯಾರ ಕಣ್ಣಿಗೂ ಬೀಳದಂತೆ ಇರಿಸಲಾಗುತ್ತಿತ್ತು. ನೋಡುವುದಕ್ಕಾಗಿ ಮಾಡಿದ ಶಿಲ್ಪಗಳು ಇವಲ್ಲ, ದೈವ ಬಂದು ಕುಳಿತುಕೊಳ್ಳಲೆಂದು ಮಾಡಿದವು. ಹದಿನೇಳನೆಯ ಶತಮಾನದಲ್ಲಿ ಎನ್ಕು (೧೬೩೨-೧೬೯೫) ಎಂಬ ಪರಿವ್ರಾಜಕ ಸಂನ್ಯಾಸಿ ಹಳ್ಳಿಗಳಲ್ಲಿ ತಿರುಗುತ್ತ ಬುದ್ಧನ ಮೂರ್ತಿಗಳನ್ನೂ ಕಾಮಿಗಳ ಮೂರ್ತಿಗಳನ್ನೂ ಕಡೆದ. ಆತನ ಐದು ಸಾವಿರಕ್ಕೂ ಹೆಚ್ಚು ಮೂರ್ತಿಗಳು ಉಳಿದಿವೆ. ಸೀಳಿದ ಮರದ ಸೀಳು, ಕೊಡಲಿಯ ಏಟಿನ ಗುರುತು, ಗಂಟು ಇವೆಲ್ಲ ಅವುಗಳಲ್ಲಿ ಹಾಗೆಯೇ ಕಾಣುತ್ತವೆ. ಮೂರ್ತಿಯಾದ ಮೇಲೂ ಮರ ಮರವಾಗಿಯೇ ಇದೆ.

ಇಸೆಯ ಮಹಾದೇಗುಲ ಈ ತಿಳಿವಳಿಕೆಯನ್ನು ಕಟ್ಟಡಕ್ಕೂ ವಿಸ್ತರಿಸಿದೆ. ಪ್ರತಿ ೨೦ ವರ್ಷಕ್ಕೊಮ್ಮೆ ದೇಗುಲವನ್ನು ಪಕ್ಕದ ನಿವೇಶನದಲ್ಲಿ ಹೊಸದಾಗಿ ಕಟ್ಟಿ ದೈವವನ್ನು ಅಲ್ಲಿಗೆ ಬಿಜಯಂಗೈಸುತ್ತಾರೆ. ೨೦೧೩ರಲ್ಲಿ ನಡೆದುದು ೬೨ನೆಯದು, ಮುಂದಿನದು ೨೦೩೩ಕ್ಕೆ. ಗಮನಿಸಬೇಕಾದುದು ಮರದ ವ್ಯವಸ್ಥೆಯನ್ನು. ಹತ್ತಿರದ ಕಾಡುಗಳು ಬರಿದಾಗಿ ಶತಮಾನಗಳ ಕಾಲ ದೂರದ ಬೆಟ್ಟಗಳಿಂದ ಹಿನೋಕಿ ಮರವನ್ನು ತರಬೇಕಾದಾಗ, ೧೯೨೩ರಲ್ಲಿ ದೇಗುಲದ ಸ್ವಂತ ಕಾಡಿನಲ್ಲಿಯೇ ಮುಂದಿನ ಇನ್ನೂರು ವರ್ಷಗಳನ್ನು ಲೆಕ್ಕಹಾಕಿ ಗಿಡ ನೆಡುವ ಯೋಜನೆ ಆರಂಭವಾಯಿತು. ೨೦೧೩ರ ನಿರ್ಮಾಣಕ್ಕೆ ಬೇಕಾದ ಮರದಲ್ಲಿ ಸುಮಾರು ಕಾಲುಭಾಗ ಆ ಕಾಡಿನಿಂದಲೇ ಬಂತು. ಬಾಳದ ವಸ್ತುವಿನಲ್ಲಿ ದೇವರನ್ನು ಇರಿಸಿದ ಕಾರಣದಿಂದಲೇ ಬಾಳುವ ಕಾಡನ್ನು ಬೆಳೆಸಬೇಕಾಯಿತು ಎಂಬುದು ಇದರ ಫಲಿತಾರ್ಥ.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಜಪಾನನ್ನು ಪ್ರಕೃತಿಪೂಜಕರ ಆದರ್ಶ ನಾಡೆಂದು ಚಿತ್ರಿಸಿದಂತಾಗುತ್ತದೆ. ಇತಿಹಾಸ ಹಾಗಿಲ್ಲ. ಮೈಜಿ ಸರ್ಕಾರ ಶಿಂತೋವನ್ನು ರಾಷ್ಟ್ರಭಕ್ತಿಯ ಉಪಕರಣವಾಗಿಸಿಕೊಂಡ ಕಾಲದಲ್ಲಿಯೇ, ೧೯೦೬ರ ಆಜ್ಞೆಯ ಮೂಲಕ ಹಳ್ಳಿಗಳ ಸಣ್ಣ ದೇಗುಲಗಳನ್ನು ದೊಡ್ಡ ದೇಗುಲಗಳಲ್ಲಿ ವಿಲೀನಗೊಳಿಸಲಾಯಿತು. ಹತ್ತು ವರ್ಷಗಳೊಳಗೆ ಸುಮಾರು ಎಪ್ಪತ್ತು ಸಾವಿರ ದೇಗುಲಗಳು ಇಲ್ಲವಾದವು. ದೇವರು ಹೋದ ಮೇಲೆ ಅದರ ಕಾಡಿಗೆ ಕಾವಲಿಲ್ಲ. ಮರಗಳು ವ್ಯಾಪಾರಿಗಳ ಪಾಲಾದವು. ಇದನ್ನು ಎದುರಿಸಿದವರು ವಾಕಾಯಾಮಾ ಪ್ರಾಂತದ ಮಿನಾಕಾತಾ ಕುಮಾಗುಸು. ಅವರು ಸಸ್ಯಶಾಸ್ತ್ರ ಮತ್ತು ಜಾನಪದಗಳೆರಡರಲ್ಲಿಯೂ ವಿದ್ವಾಂಸರು. ಈ ಹೋರಾಟದಲ್ಲಿ ೧೯೧೦ರಲ್ಲಿ ಸೆರೆವಾಸವನ್ನೂ ಅನುಭವಿಸಿದರು. ದೇವರಕಾಡು ನಾಶವಾದರೆ ಸೂಕ್ಷ್ಮಜೀವಿಗಳು, ಮೀನುಗಾರಿಕೆ, ಊರಿನ ಒಗ್ಗಟ್ಟು, ಭಾಷೆ, ಐತಿಹ್ಯ ಎಲ್ಲವೂ ಒಟ್ಟಿಗೆ ನಾಶವಾಗುತ್ತವೆಂಬುದು ಅವರ ವಾದವಾಗಿತ್ತು. ಒಂದೇ ಕೈಯಲ್ಲಿ ಸೂಕ್ಷ್ಮದರ್ಶಕವನ್ನೂ ಜನಪದ ಕಥೆಯನ್ನೂ ಹಿಡಿದ ಇಂಥ ವಿದ್ವತ್ತು ನಮ್ಮ ಅಘನಾಶಿನಿಗೂ ಬೇಕಾಗಿದೆ.

೪

ಉತ್ತರ ಕನ್ನಡದಲ್ಲಿ ಈ ಕಥೆ ಇನ್ನೂ ಹಿಂದೆಯೇ ಆರಂಭವಾಗುತ್ತದೆ. ೧೮೦೧ರಲ್ಲಿ ಈ ಜಿಲ್ಲೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಇಲ್ಲಿಯ ಕಾಡುಗಳು ಆಯಾ ಊರಿನ ದೇವರ ಸ್ವತ್ತೆಂದು ಜನ ಹೇಳುವುದನ್ನೂ, ಪೂಜಾರಿಯೂ ಆಗಿರುವ ಊರಗೌಡನ ಅಪ್ಪಣೆಯಿಲ್ಲದೆ ಮರ ಕಡಿಯುವಂತಿಲ್ಲವೆಂಬುದನ್ನೂ, ಆ ಅಪ್ಪಣೆಗೆ ಹಣ ಪಡೆಯುತ್ತಿರಲಿಲ್ಲವೆಂಬುದನ್ನೂ ಬರೆದುಕೊಂಡ. ಆದರೆ ಸರ್ಕಾರ ಕಾಡಿನ ಮೇಲೆ ಹಕ್ಕು ಸಾಧಿಸದಂತೆ ತಡೆಯಲು ಹೂಡಿದ ಉಪಾಯವೇ ಈ ದೇವರೆಂದು ಆತ ತೀರ್ಮಾನಿಸಿದ. ಈ ಒಂದು ಟಿಪ್ಪಣಿಯಲ್ಲಿ ಮುಂದಿನ ನೂರು ವರ್ಷಗಳ ಅರಣ್ಯನೀತಿ ಅಡಗಿದೆ. ೧೮೭೮ರ ಅರಣ್ಯ ಕಾಯಿದೆಯ ನಂತರ ಕಾಡಿನ ಒಡೆತನದ ಲೆಕ್ಕದಿಂದ ದೇವರ ಹೆಸರು ಅಳಿಸಿತು. ಮರ ನಾಟವಾಯಿತು, ಘನ ಅಡಿಯಾಯಿತು.

ಒಡೆತನದ ಹಾದಿ ಮುಚ್ಚಿದ ಮೇಲೂ ದೈವದ ಹಾದಿ ಅಲ್ಲಲ್ಲಿ ತೆರೆದಿತ್ತು. ಅದನ್ನು ಈಗ ನಾವೇ ಮುಚ್ಚುತ್ತಿದ್ದೇವೆ. ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಬನದ ಮರಗಳನ್ನು ತೆಗೆದು ಕಾಂಕ್ರೀಟಿನ ಗುಡಿ, ಪ್ರಾಂಗಣಕ್ಕೆ ಹೆಂಚು-ಹಾಸುಗಲ್ಲು, ಒಳಗೆ ಹೊರಗಿನಿಂದ ತರಿಸಿದ ಕರಿಕಲ್ಲಿನ ಮೂರ್ತಿ. ಪಶ್ಚಿಮಘಟ್ಟದ ಊರೂರಿನಲ್ಲಿಯೂ ಕಾಣುವ ದೃಶ್ಯವಿದು. ಕೊಡಗಿನ ದೇವರಕಾಡುಗಳು ೧೯೦೫ರಲ್ಲಿ ೬೨೭೭ ಹೆಕ್ಟೇರ್ ಇದ್ದುದು ೧೯೮೫ರ ಹೊತ್ತಿಗೆ ೨೫೫೦ ಹೆಕ್ಟೇರಿಗೆ ಇಳಿದಿತ್ತೆಂಬುದು ದಾಖಲಾಗಿದೆ. ಆ ಇಳಿಕೆಗೆ ಕಾಫಿ ತೋಟ, ಒತ್ತುವರಿ ಮೊದಲಾದ ಬೇರೆ ಕಾರಣಗಳೂ ಇವೆ, ನಿಜ. ಆದರೆ ದೇವರಿಗೆ ಕಾಡು ಬೇಕೆಂಬ ಭಾವನೆ ಸಡಿಲವಾದಲ್ಲಿ ಒತ್ತುವರಿಯನ್ನು ತಡೆಯುವ ನೈತಿಕ ಬಲವೂ ಸಡಿಲವಾಗುತ್ತದೆ. ಕಲ್ಲಿನ ದೇವರು ಒಮ್ಮೆ ಪ್ರತಿಷ್ಠೆಯಾದರೆ ಸಾವಿರ ವರ್ಷ ಕಾಡಿನ ಕಡೆ ನೋಡಬೇಕಾಗಿಲ್ಲ. ಮರದ ದೇವರಿಗೆ ಪ್ರತಿ ಎರಡು-ಮೂರು ತಲೆಮಾರಿಗೊಮ್ಮೆ ಒಂದು ದೊಡ್ಡ ಮರ ಬೇಕು. ಆ ಮರ ನಿಂತಿರಬೇಕಾದರೆ ಅದರ ಸುತ್ತ ಕಾಡು ನಿಂತಿರಬೇಕು.

ಈ ಪಲ್ಲಟ ವಸ್ತುವಿನದು ಮಾತ್ರವಲ್ಲ, ಜನರದೂ ಹೌದು. ಮರದಿಂದ ಕಲ್ಲಿಗೆ ಹೋಗುವಾಗ ಗುಡಿಗಾರನ ಉಳಿ, ಬಣ್ಣ ಬರೆಯುವ ಕೈ, ಊರಗೌಡನ ಪೂಜಾರಿಕೆ, ಮರಕ್ಕೆ ಮೊದಲ ಕಚ್ಚು ಹಾಕುವವನ ಹಕ್ಕು ಇವೆಲ್ಲ ಒಂದೊಂದಾಗಿ ಕಳಚಿಕೊಳ್ಳುತ್ತವೆ. ಅವುಗಳ ಜಾಗಕ್ಕೆ ಕಂತ್ರಾಟುದಾರ, ಹೊರಗಿನ ಶಿಲ್ಪಿ, ಹೊರಗಿನ ತಂತ್ರಿ ಬರುತ್ತಾರೆ. ದೈವವು ‘ಮೇಲ್ದರ್ಜೆಗೆ’ ಏರಿತೆಂಬ ಸಂತೋಷದಲ್ಲಿ ಅದನ್ನು ಈವರೆಗೆ ಸಾಕಿದವರ ಸ್ಥಾನ ಕೆಳಗಿಳಿದುದು ಕಾಣುವುದಿಲ್ಲ.

ವಸ್ತುಸಂಗ್ರಹಾಲಯ ಇದಕ್ಕೆ ಉತ್ತರವಾಗಬಲ್ಲುದೇ? ಉಡುಪಿ ಜಿಲ್ಲೆಯ ಬಾರ್ಕೂರಿನ ಸಮೀಪದ ಮೆಕ್ಕೆಕಟ್ಟಿನ ನಂದಿಕೇಶ್ವರ ದೈವಸ್ಥಾನ ಮರದ ಭೂತಮೂರ್ತಿಗಳಿಗೆ ಹೆಸರಾದುದು. ೧೯೬೦ರ ದಶಕದ ಜೀರ್ಣೋದ್ಧಾರದಲ್ಲಿ ಅಲ್ಲಿಯ ಹಳೆಯ ಮೂರ್ತಿಗಳ ಸ್ಥಾನಕ್ಕೆ ಹೊಸ ಮರದ ಮೂರ್ತಿಗಳು ಬಂದವು. ಹಳೆಯವುಗಳಲ್ಲಿ ಹಲವು ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯವನ್ನು ಸೇರಿದವು. ಅವು ಉಳಿದಿವೆ, ನಾಡಿನ ಮರಶಿಲ್ಪದ ಘನತೆಯನ್ನು ಅಲ್ಲಿ ಕಾಣಬಹುದು ಎಂಬುದು ಲಾಭವೇ. ಆದರೆ ಎರಡು ಬದುಕುಗಳಲ್ಲಿ ಯಾವುದನ್ನು ನಾವು ಪರಂಪರೆ ಎನ್ನುತ್ತೇವೆ? ದೆಹಲಿಯ ಗಾಜಿನ ಹಿಂದೆ ಸವೆಯದೆ ನಿಂತ ಮೂರ್ತಿಯನ್ನೋ, ಮೆಕ್ಕೆಕಟ್ಟಿನಲ್ಲಿ ಹೊಸ ಮರದಲ್ಲಿ ಮತ್ತೆ ಹುಟ್ಟಿದ ದೈವವನ್ನೋ? ಕಲಾ ಇತಿಹಾಸ ಮೊದಲನೆಯದನ್ನು ಅಭ್ಯಸಿಸಿ, ಎರಡನೆಯದನ್ನು ‘ನಕಲು’ ಎಂದು ಬದಿಗಿರಿಸುತ್ತದೆ. ಇಸೆಯ ದೇಗುಲವನ್ನು ಯಾರೂ ಇಪ್ಪತ್ತು ವರ್ಷದ ಹಳೆಯ ನಕಲು ಎನ್ನುವುದಿಲ್ಲ. ನಮ್ಮ ದೈವಕ್ಕೂ ಅದೇ ನ್ಯಾಯ ಸಲ್ಲಬೇಕು.

೫

ಈ ನಿಲುವಿಗೆ ಮೂರು ಆಕ್ಷೇಪಗಳು ಬರಬಹುದು. ಮೊದಲನೆಯದು, ಮರ ಕಡಿಯುವುದನ್ನು ಸಮರ್ಥಿಸುವುದು ಪರಿಸರಪ್ರಜ್ಞೆಗೆ ವಿರುದ್ಧವಲ್ಲವೇ ಎಂಬುದು. ತಲೆಮಾರಿಗೊಂದು ಮರವನ್ನು ಅಪ್ಪಣೆ ಕೇಳಿ ಕಡಿಯುವ ಊರು, ಆ ಒಂದು ಮರಕ್ಕಾಗಿ ನೂರು ಮರಗಳನ್ನು ಕಾಯುತ್ತದೆ. ಕಾಡು ಬರಿದಾದುದು ಈ ಕಚ್ಚಿನಿಂದಲ್ಲ. ಎರಡನೆಯದು, ಊರಿನ ಭಕ್ತರಿಗೇ ಕಲ್ಲಿನ ಗುಡಿ ಬೇಕಾಗಿರುವಾಗ ಬೇಡವೆನ್ನಲು ವಿದ್ವಾಂಸರು ಯಾರು ಎಂಬುದು. ಇದು ನ್ಯಾಯವಾದ ಪ್ರಶ್ನೆ. ಊರಿನವರ ಆಯ್ಕೆಯನ್ನು ನಿಷೇಧಿಸುವ ಅಧಿಕಾರ ಯಾರಿಗೂ ಇಲ್ಲ. ಆದರೆ ಮರದ ದೇವರೆಂದರೆ ಬಡತನದ ಗುರುತು, ಕಲ್ಲಿನದು ಮಾತ್ರ ಶಾಸ್ತ್ರೀಯ ಎಂಬ ತಪ್ಪು ತಿಳಿವಳಿಕೆಯ ಮೇಲೆ ಆ ಆಯ್ಕೆ ನಡೆಯುತ್ತಿರುವಾಗ, ಶಾಸ್ತ್ರವೇ ಮರದ ಪ್ರತಿಮೆಗೆ ಕೊಟ್ಟ ಸ್ಥಾನವನ್ನು ತಿಳಿಸುವುದು ವಿದ್ವತ್ತಿನ ಕರ್ತವ್ಯ. ಮೂರನೆಯದು, ಪ್ರಕೃತಿಪೂಜೆಯ ವೈಭವೀಕರಣದಿಂದ ದೇವರ ಹೆಸರಿನ ರಾಜಕಾರಣಕ್ಕೆ ಬಲ ಬರಬಹುದೆಂಬ ಅಂಜಿಕೆ. ಜಪಾನಿನ ೧೯೦೬ರ ಅನುಭವ ಇದಕ್ಕೆ ಸಾಕಷ್ಟು ಎಚ್ಚರಿಕೆಯನ್ನು ಕೊಡುತ್ತದೆ. ದೊಡ್ಡ ದೇವರ ವೈಭವ ಬೆಳೆದಾಗಲೇ ಸಣ್ಣ ದೇವರ ಕಾಡು ನಾಶವಾಯಿತು. ಪ್ರಸ್ತುತ ವಾದ ಜಟಗನ, ಚೌಡಿಯ, ಬಬ್ರುದೇವರ ಪರವಾದುದು. ಅವರನ್ನು ಯಾವುದೋ ಒಂದು ಮಹಾದೈವದಲ್ಲಿ ವಿಲೀನಗೊಳಿಸುವುದರ ಪರವಾದುದಲ್ಲ.

ಮಾಡಬೇಕಾದ ಕೆಲಸಗಳು ದೊಡ್ಡವೇನಲ್ಲ. ವಿಶ್ವವಿದ್ಯಾಲಯಗಳ ಕನ್ನಡ ಹಾಗೂ ಜಾನಪದ ವಿಭಾಗಗಳು ಕೈಗೊಳ್ಳುವ ಕ್ಷೇತ್ರಕಾರ್ಯದ ಪ್ರಶ್ನಾವಳಿಯಲ್ಲಿ ಮರದ ಜಾತಿ, ಅದರ ಸ್ಥಳೀಯ ಹೆಸರು, ಬೆಳೆದ ಸ್ಥಳ, ಆರಿಸಿದ ಬಗೆ, ಕಡಿದ ವಿಧಿ, ಕಡೆದವರ ಮನೆತನ, ಹಳೆಯ ಮೂರ್ತಿಯ ಗತಿ ಎಂಬ ಏಳು ಅಂಶಗಳು ಸೇರಬೇಕು. ಕುಮಟಾ, ಹೊನ್ನಾವರ, ಭಟ್ಕಳ ತಾಲ್ಲೂಕುಗಳ ಮರದ ಮೂರ್ತಿಗಳ ಸಮೀಕ್ಷೆಯನ್ನು ಸಸ್ಯಶಾಸ್ತ್ರ ವಿಭಾಗಗಳ ಜೊತೆಗೂಡಿ ನಡೆಸಬೇಕು. ಮರವನ್ನು ಗುರುತಿಸುವ ವಿದ್ಯೆ ನಮ್ಮಲ್ಲಿಲ್ಲ, ಮರದ ಕಥೆಯನ್ನು ಕೇಳುವ ವಿದ್ಯೆ ಅವರಲ್ಲಿಲ್ಲ. ಗುಡಿಗಾರ ಕುಟುಂಬಗಳ ಹಿರಿಯರಲ್ಲಿ ಉಳಿದಿರುವ ಮರದ ಪರಿಭಾಷೆಯನ್ನು, ಅಂದರೆ ಹದ, ನಾರು, ಸುಳಿ, ಬಿರುಕು, ಬಣ್ಣದ ತಳಗಳಿಗೆ ಅವರು ಬಳಸುವ ಮಾತುಗಳನ್ನು ವೃತ್ತಿಪದಕೋಶವಾಗಿ ಸಂಗ್ರಹಿಸಬೇಕು. ದೇವಸ್ಥಾನದ ಜೀರ್ಣೋದ್ಧಾರಕ್ಕೆ ಸರ್ಕಾರದ ನೆರವು ದೊರೆಯುವಲ್ಲಿ, ಮೂಲದ ಮೂರ್ತಿ ಮರದ್ದಾಗಿದ್ದರೆ ಮರದಲ್ಲಿಯೇ ಅದನ್ನು ಹೊಸದಾಗಿಸುವ ಅವಕಾಶವನ್ನು ಮೊದಲು ಪರಿಶೀಲಿಸುವಂತಾಗಬೇಕು. ಅದಕ್ಕಾಗಿ ಅರಣ್ಯ ಇಲಾಖೆ ಮತ್ತು ಊರು ಕೂಡಿ ದೇವರಕಾಡಿನಲ್ಲಿ ಹಲಸು ಮೊದಲಾದ ಗಿಡಗಳನ್ನು ಮುಂದಿನ ಮೂರ್ತಿಗೆಂದು ಹೆಸರಿಸಿ ನೆಡಬಹುದು. ಇಂದು ನೆಟ್ಟುದು ಮೊಮ್ಮಕ್ಕಳ ಕಾಲಕ್ಕೆ ಒದಗುತ್ತದೆ.

ಅಘನಾಶಿನಿಯ ಅಳಿವೆಗೆ ರಾಮ್ಸರ್ ಮನ್ನಣೆ ದೊರೆತಿರುವ ಈ ಸಂದರ್ಭದಲ್ಲಿ ಅಲ್ಲಿಯ ಸಂರಕ್ಷಣೆಯ ಯೋಜನೆಗಳು ಸಿದ್ಧವಾಗಬೇಕಾಗಿದೆ. ಅವುಗಳಲ್ಲಿ ಕಾಂಡ್ಲಾ, ಕಗ್ಗ, ಚಿಪ್ಪಿಗಳ ಪಕ್ಕದಲ್ಲಿ ದೈವಗಳ ನೆಲೆಗಳಿಗೂ ಒಂದು ಅಂಕಣ ಇರಬೇಕು. ಅದನ್ನು ತುಂಬುವ ಹೊಣೆ ಕನ್ನಡ ವಿಭಾಗಗಳದು. ನಾವು ತುಂಬದೆ ಬಿಟ್ಟ ಅಂಕಣವನ್ನು ಬಂದರಿನ ನಕ್ಷೆ ಖಾಲಿ ಜಾಗವೆಂದೇ ಓದಿಕೊಳ್ಳುತ್ತದೆ.